ಅಡುಗೆಯವನ ಕೊನೆಯ ಏಳು ವಾರ

ನೂರಾ ಮೂವತ್ತು ವರ್ಷಗಳ ಹಿಂದಿನ ಒಬ್ಬ ಅಡುಗೆಯವನ ಹೆಸರಿನಲ್ಲಿ ನಾನು ಏಳು ವಾರ ಸುಳ್ಳು ಬರೆದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಕೊನೆಯವರೆಗೆ ಮುಚ್ಚಿಟ್ಟು ಓದುವವರನ್ನು ತುದಿಗಾಲಲ್ಲಿ ನಿಲ್ಲಿಸುವ ಚಾಲಾಕಿತನ ನನ್ನಲ್ಲಿಲ್ಲ. ಇದ್ದಷ್ಟೂ ಆ ಏಳು ವಾರಗಳಲ್ಲೇ ಖರ್ಚಾಗಿಹೋಯಿತು.

ನಾನು ಪುಸ್ತಕ ಬೈಂಡ್ ಮಾಡುವವಳು. ಅಪ್ಪನಿಂದ ಬಂದ ಅಂಗಡಿ. ಮುಂದಿನ ಕೋಣೆಯಲ್ಲಿ ಗಿರಾಕಿಗಳು, ಹಿಂದಿನ ಕೋಣೆಯಲ್ಲಿ ಕೆಲಸ: ಕಬ್ಬಿಣದ ಪ್ರೆಸ್ಸು, ಅಂಟಿನ ಡಬ್ಬಿ, ರಟ್ಟು ಕತ್ತರಿಸುವ ಮೇಜು, ನೆಲದ ತುಂಬ ಕಾಗದದ ಚೂರು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಆಮೇಲೆ ನನ್ನ ಪಾಲಿಗೆ ಉಳಿದದ್ದು ಹರಿದ ಪುಸ್ತಕಗಳು ಮತ್ತು ಅವುಗಳನ್ನು ಹರಿದವರು. ಇಬ್ಬರ ಮೇಲೂ ರೇಗಾಡುತ್ತ ಕಾಲ ಹಾಕಿದೆ.

ಆ ಹಿಂದಿನ ಕೋಣೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನಾವು ನಾಲ್ವರು ಸೇರುತ್ತಿದ್ದೆವು. ದೂರದ ನಾಡುಗಳಿಗೆ ಹೋಗಿ ಬಂದವರ, ಹೋಗಿ ಬಾರದೆ ಉಳಿದವರ ಬರಹಗಳನ್ನು ಒಟ್ಟಿಗೆ ಕೂತು ಓದುವುದು ನಮ್ಮ ಚಟ. ಶುರುವಾದದ್ದು ಸರ್ವೇಯರ್ ಅವರಿಂದ. ನೌಕರಿಯಿಂದ ನಿವೃತ್ತರಾದ ವರ್ಷ ಬೆನ್ನು ಕಿತ್ತುಹೋದ ಒಂದು ಹಳೆಯ ಅಟ್ಲಾಸ್ ತಂದುಕೊಟ್ಟರು. ನಾನು ಹೊಲಿಯುತ್ತಿದ್ದಾಗ ಎದುರಿಗೆ ಸ್ಟೂಲ್ ಎಳೆದು ಕೂತು, ಯಾವ ನದಿಯನ್ನು ಯಾರು ಯಾವ ಹುಚ್ಚಿನಲ್ಲಿ ಹುಡುಕಿಕೊಂಡು ಹೋದರು ಎಂದು ಹೇಳತೊಡಗಿದರು. ಆಸ್ಪತ್ರೆಯ ಹಳೆಯ ರಿಜಿಸ್ಟರುಗಳನ್ನು ತಂದಿದ್ದ ಸಿಸ್ಟರ್ ಅದನ್ನು ಕೇಳುತ್ತ ನಿಂತಳು. ಆಕೆಯೂ ನಿವೃತ್ತಿಯ ಅಂಚಿನಲ್ಲಿದ್ದ ನರ್ಸ್. ಪಕ್ಕದ ಅಂಗಡಿಯ ಟೈಲರ್ ದಪ್ಪ ದಾರ ಕೇಳಲು ಬಂದವನು ದಾರ ಮರೆತು ಕೂತ. ಹಾಗೆ ಕೂತವರು ಆರು ವರ್ಷ ಏಳಲಿಲ್ಲ.

ಓದಿದ್ದು ಬಹಳ. ಆದರೆ ನಮ್ಮ ತಲೆ ಕೆಡಿಸಿದ್ದು ಅಡುಗೆಯವನ ದಿನಚರಿ. ಉತ್ತರದ ಹಿಮದ ಕಡಲಿಗೆ ಹತ್ತು ಜನ ಹೋಗಿದ್ದ ಒಂದು ಯಾತ್ರೆಯ ಅಡುಗೆಯವನು ಅವನು. ಅವನ ನೋಟುಪುಸ್ತಕ ಅಚ್ಚಾಗದೆ ದೂರದ ಒಂದು ವಸ್ತುಸಂಗ್ರಹಾಲಯದ ಕಪಾಟಿನಲ್ಲಿತ್ತು. ಸರ್ವೇಯರ್ ಪತ್ರ ಬರೆದು ಬರೆದು, ಕೊನೆಗೆ ಸಂಗ್ರಹಾಲಯದವರು ಬೇಸತ್ತು ಪುಟಗಳ ನಕಲು ಕಳಿಸಿದರು. ಪ್ರತಿಯಾಗಿ ನಾವು ಅದನ್ನು ಶುದ್ಧವಾಗಿ ಬರೆದು, ದಾರಿಯ ನಕ್ಷೆ ತಯಾರಿಸಿ, ಬೈಂಡ್ ಮಾಡಿ ಅವರಿಗೆ ಕೊಡಬೇಕು. ಅಡುಗೆಯವನ ಅಕ್ಷರವೋ, ಕೋಳಿ ಕಾಲು ಕೆದರಿದ ಹಾಗೆ. ಅದನ್ನು ಓದುವ ತಾಳ್ಮೆ ಇದ್ದದ್ದು ಹಳೆಯ ದಫ್ತರುಗಳಲ್ಲೇ ಬೆಳೆದ ನನಗೊಬ್ಬಳಿಗೆ. ನಕಲಿನ ಕಟ್ಟು ನನ್ನ ಬೀರುವಿನಲ್ಲಿ ಸೇರಿತು. ವಾರ ವಾರ ಶುದ್ಧಪ್ರತಿ ಮಾಡಿ ಓದುವ ಕೆಲಸ ನನ್ನದಾಯಿತು.

ನಮಗೊಂದು ಕಾನೂನಿತ್ತು. ಅಡುಗೆಯವನು ಯಾವ ತಾರೀಕಿಗೆ ಬರೆದನೋ ಅದೇ ತಾರೀಕಿನ ವಾರದಲ್ಲಿ ಓದಬೇಕು. ಅವರು ನಡೆದಷ್ಟೇ ನಿಧಾನವಾಗಿ ನಾವೂ ನಡೆಯಬೇಕು. ಮುಂದೇನಾಯಿತೆಂದು ಬೇರೆ ಪುಸ್ತಕಗಳಲ್ಲಿ ಮೂಗು ತೂರಿಸಕೂಡದು, ನನ್ನನ್ನು ಕೇಳಲೂಕೂಡದು. ಹೀಗೆ ಎರಡು ವರ್ಷ ನಾಲ್ಕು ತಿಂಗಳು ನಾವು ಹಿಮದಲ್ಲಿದ್ದೆವು. ಹೊರಗೆ ಬಿಸಿಲು ರಟ್ಟು ಸೊಟ್ಟಗಾಗುವಷ್ಟು ಸುಡುತ್ತಿದ್ದ ದಿನ ಟೈಲರ್ ಕೈ ಉಜ್ಜಿಕೊಂಡು, "ಅಕ್ಕಾ, ಕಿಟಕಿ ಹಾಕಲಾ? ಅವರಿಗೆ ಇವತ್ತು ಗಾಳಿ ಜಾಸ್ತಿ ಇದೆ" ಅಂದಿದ್ದ.

ಒಬ್ಬೊಬ್ಬರ ಕಣ್ಣೂ ಅವರವರ ಕಸುಬಿನದು. ಟೈಲರ್‌ಗೆ ಅವರ ಕೋಟಿಗೆ ಎಷ್ಟು ಗುಂಡಿ, ಒಳಗೆ ಉಣ್ಣೆಯೋ ತೊಗಲೋ ಎಂಬುದೇ ಚಿಂತೆ. ಸಿಸ್ಟರ್‌ಗೆ ಆ ಹತ್ತೂ ಜನ ಅವಳ ವಾರ್ಡಿನ ರೋಗಿಗಳು. ಇಬ್ಬರು ಸತ್ತ ವಾರ ಅವಳು ಚಹಾ ಮುಟ್ಟಲಿಲ್ಲ. ಉಳಿದವರಲ್ಲಿ ಬಡಗಿಯ ಕಾಲಿನ ಹೆಬ್ಬೆರಳು ಹಿಮಕ್ಕೆ ಕಪ್ಪಾಗಿತ್ತು. ಪ್ರತಿ ಗುರುವಾರ ಬಾಗಿಲಲ್ಲೇ ಅವಳ ಮೊದಲ ಪ್ರಶ್ನೆ, "ಬಡಗಿ ಬೆರಳು ಹೇಗಿದೆ?"

ಸರ್ವೇಯರ್ ಕಣ್ಣು ಗೋಡೆಯ ಮೇಲಿನ ನಕ್ಷೆಯಲ್ಲಿ. ನನ್ನ ಪ್ರೆಸ್ಸಿನ ಮೇಲ್ಗಡೆ ಒಂದಾಳುದ್ದದ ಹಾಳೆ ಅಂಟಿಸಿ, ಅಡುಗೆಯವನು ಬರೆದ ದಿಕ್ಕು, ಮೈಲಿಗಳ ಪ್ರಕಾರ ದಿನದಿನದ ದಾರಿ ಗುರುತಿಸುತ್ತಿದ್ದರು. ಯಾತ್ರೆಯ ಅಧಿಕಾರಿ ಮಧ್ಯಾಹ್ನ ಸೂರ್ಯನ ಎತ್ತರ ಅಳೆದು ಕೂಗಿ ಹೇಳುವನಂತೆ. ಅಡುಗೆಯವನು ಅದನ್ನು ಕೇಳಿ ಊಟದ ಗಂಟೆ ಬಾರಿಸುವನಂತೆ. ಹಾಗಾಗಿ ಸೂರ್ಯ ಕಂಡ ದಿನವೆಲ್ಲ ಆ ಅಂಕಿಯೂ ಬರಹದಲ್ಲಿರುತ್ತಿತ್ತು. "ನಿಜವಾಗಿ ನಡೆದದ್ದನ್ನ ಮಸಿಯಲ್ಲಿ ಎಳೀಬೇಕು, ಊಹೆನ ಪೆನ್ಸಿಲಲ್ಲಿ. ಇಷ್ಟು ತಿಳಿದವನು ಸರ್ವೇಯರ್" ಎಂದು ಅವರು ಟೈಲರ್‌ಗೆ ಪಾಠ ಹೇಳುತ್ತಿದ್ದರು. ಮೂವತ್ತು ವರ್ಷ ಬೇರೆಯವರ ಹೊಲ, ರಸ್ತೆ ಅಳೆದ ಮನುಷ್ಯ. ತಾನು ಮಾತ್ರ ಈ ಊರು ಬಿಟ್ಟು ಎಲ್ಲೂ ಹೋದವರಲ್ಲ.

ನನಗೆ ಅವರ ಮೇಲೆ ಮನಸ್ಸಿತ್ತು. ಐವತ್ತಾರರಲ್ಲಿ ಇದನ್ನು ಹೇಳಲು ನಾಚಿಕೆಯಾಗಬೇಕು, ಆಗುತ್ತಿಲ್ಲ. ಹೆಂಡತಿ ಹೋದ ಮೇಲೆ ಷರಟಿನ ಗುಂಡಿಯನ್ನು ತಾವೇ ಹೊಲಿದುಕೊಂಡು, ಬಣ್ಣ ತಪ್ಪಿದ ದಾರದಲ್ಲಿ, ಅದನ್ನೇ ಹೆಮ್ಮೆಯಿಂದ ತೋರಿಸುವವರು. ಪೆನ್ಸಿಲ್ ಹೆರೆದರೆ ಸಿಪ್ಪೆ ನನ್ನ ನೆಲಕ್ಕೆ ಬೀಳದಂತೆ ಜೇಬಿಗೆ ಹಾಕಿಕೊಳ್ಳುವರು. ನೆಲದ ಮೇಲೆ ಮೊಣಕಾಲುದ್ದ ಕಾಗದದ ಕಸವಿದ್ದ ಕೋಣೆಯಲ್ಲಿ! ನಾನು ಕೂತ ಮೇಲಷ್ಟೇ ತಾವು ಕೂರುವರು. ಬುಧವಾರ ಸಂಜೆಯಿಂದಲೇ ನನ್ನ ಕೈಗೆ ಅಂಟು ಸರಿಯಾಗಿ ಬರುತ್ತಿರಲಿಲ್ಲ. ಆದರೆ ಬಾಯಿ ಬಿಟ್ಟು ಒಂದು ಮಾತು? ಇಲ್ಲ. ಅವರೊಡನೆ ಜಗಳವಾಡುವುದಷ್ಟೇ ನನಗೆ ಗೊತ್ತಿದ್ದ ವಿದ್ಯೆ.

ಈ ವರ್ಷ ಬೇಸಿಗೆಯಲ್ಲಿ ಸರ್ವೇಯರ್ ತಂಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ದೂರದ ಕಡಲ ತೀರದ ಊರಿನಲ್ಲಿ ಒಂಟಿ ಹೆಂಗಸು. ಅಣ್ಣನನ್ನು ಬಿಟ್ಟರೆ ಅವಳಿಗೆ ಯಾರೂ ಇಲ್ಲ. ಒಂದು ಗುರುವಾರ ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: "ನಾನು ಅಲ್ಲಿಗೆ ಹೋಗ್ಬೇಕು. ಒಂದೆರಡು ತಿಂಗಳಿಗಲ್ಲ, ಪೂರ್ತಿಯಾಗಿ. ಆದರೆ ಇವರನ್ನ ಹಿಮದಲ್ಲಿ ಬಿಟ್ಟು ಹೋಗಲ್ಲ ಅಂತ ತಂಗಿಗೂ ಹೇಳಿದೀನಿ. ಯಾತ್ರೆ ಮುಗಿದ ವಾರವೇ ಹೊರಡ್ತೀನಿ."

"ಇನ್ನೆಷ್ಟು ಉಳಿದಿದೆ ಅಕ್ಕಾ?" ಟೈಲರ್ ಕೇಳಿಬಿಟ್ಟ.

"ಅದನ್ನ ಕೇಳಬಾರದು ಅಂತ ಕಾನೂನಿದೆ, ಮರೆತುಹೋಯ್ತಾ?" ಎಂದು ಅವನ ಮೇಲೆ ಹರಿಹಾಯ್ದೆ. ಅವರೆಲ್ಲ ಹೋದ ಮೇಲೆ ಬೀರು ತೆಗೆದು ಹಾಳೆ ಎಣಿಸಿದೆ. ಹನ್ನೊಂದೇ ಇದ್ದವು.

ಅಡುಗೆಯವನ ಹಡಗು ಎರಡನೇ ಚಳಿಗಾಲದಲ್ಲಿ ಹಿಮಕ್ಕೆ ಸಿಕ್ಕಿ ಒಡೆದಿತ್ತು. ಉಳಿದ ಎಂಟು ಜನ ನಡೆದು ನಡೆದು ಒಂದು ದಡ ಸೇರಿ, ಹಡಗಿನ ಹಲಗೆಗಳಿಂದ ಗುಡಿಸಲು ಕಟ್ಟಿ, ಯಾವುದಾದರೂ ಹಡಗು ಬಂದೀತೆಂದು ಕಾಯುತ್ತಿದ್ದರು. ಆಗಸ್ಟಿನ ಮೂರನೇ ವಾರ ದಿಗಂತದಲ್ಲಿ ಹೊಗೆ ಕಂಡಿತು. ಆ ಗುರುವಾರ ನಾನು ಅಲ್ಲಿಯವರೆಗೆ ಓದಿದಾಗ ಸಿಸ್ಟರ್ ಎದ್ದು ನಿಂತಿದ್ದಳು. ನನ್ನ ಬಳಿ ಉಳಿದದ್ದು ಒಂದೇ ಹಾಳೆ. ಅದರಲ್ಲಿ ಅಡುಗೆಯವನು ಬರೆದಿದ್ದ: "ಹಡಗೇ. ದೋಣಿ ಇಳಿಸಿದ್ದಾರೆ. ಬಡಗಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಾನೆ. ನಾನು ಪಾತ್ರೆ ತೊಳೆದು ಬೋರಲು ಹಾಕಿದ್ದೇನೆ. ಇನ್ನು ಇಲ್ಲಿ ಯಾರಿಗೂ ಅಡುಗೆ ಬೇಡ." ಅಷ್ಟೇ. ಕೆಳಗೆ ಖಾಲಿ ಜಾಗ.

ಆ ಹಾಳೆಯನ್ನು ನಾನು ಮುಂದಿನ ಗುರುವಾರ ಓದಬೇಕಿತ್ತು. ಮಂಗಳವಾರ ಮಧ್ಯಾಹ್ನ, ಅಂಗಡಿಗೆ ಊಟದ ಬಿಡುವಿನ ಬೋರ್ಡು ತಗುಲಿಸಿ, ಬರೆಯುವ ಕಾಗದ ಮುಂದಿಟ್ಟುಕೊಂಡೆ. ಶುದ್ಧಪ್ರತಿ ಮಾಡಲೆಂದೇ ಕೂತಿದ್ದು, ದೇವರಾಣೆ. ಆದರೆ ಕೈ ಬರೆದದ್ದು ಬೇರೆ: "ಹೊಗೆಯಲ್ಲ, ಮೋಡ. ಈಶಾನ್ಯಕ್ಕೆ ನಾಲ್ಕು ಮೈಲಿ ನಡೆದೆವು."

ಎರಡು ವರ್ಷ ಅವನ ಮಾತನ್ನೇ ಬರೆದು ಬರೆದು ಅವನ ಧಾಟಿ ನನ್ನ ಬೆರಳಿಗೆ ಅಂಟಿತ್ತು. ಆಹಾರ ಹುಡುಕಿಕೊಂಡು ಎಂಟೂ ಜನರನ್ನು ಗುಡಿಸಲಿನಿಂದ ಹೊರಡಿಸಿದೆ. ದಿಕ್ಕು, ಮೈಲಿ ಮನಸ್ಸಿಗೆ ಬಂದಂತೆ ಹಾಕಿದೆ. ಸೂರ್ಯನ ಎತ್ತರ ಮಾತ್ರ ಕಟ್ಟಿ ಬರೆಯಲು ಧೈರ್ಯ ಸಾಲದೆ, ಮೊದಲ ಚಳಿಗಾಲ ಕಳೆದ ಮಾರ್ಚಿ, ಏಪ್ರಿಲ್ ತಿಂಗಳ ಪುಟಗಳಿಂದ ಅಸಲಿ ಅಂಕಿಗಳನ್ನೇ ಎತ್ತಿದೆ. ಅಂಕಿ ಅಸಲಿ ಆದ ಮೇಲೆ ಯಾರು ಕೇಳುತ್ತಾರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ಓದಿದಾಗ ಸಿಸ್ಟರ್ ಕುಸಿದು ಕೂತಳು. "ಮೋಡವಾ? ಅಯ್ಯೋ ನನ್ನ ಕರ್ಮವೇ. ಆ ಬಡಗಿ ಬೆರಳು?"

"ಹಾಗೇ ಇದೆ" ಎಂದೆ, ಮುಖ ಕಾಗದದಿಂದ ಎತ್ತದೆ.

ಸರ್ವೇಯರ್ ನನ್ನ ಕೈಯಿಂದ ಹಾಳೆ ಇಸಿದುಕೊಂಡು, ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು ಈಶಾನ್ಯಕ್ಕೆ ಗೆರೆ ಎಳೆದರು.

"ಮಸಿ ಯಾಕಿಲ್ಲ ಸಾರ್?" ಟೈಲರ್ ಕೇಳಿದ.

"ಬಾಟಲಿ ಖಾಲಿಯಾಗಿದೆ ಕಣಯ್ಯಾ. ಆಮೇಲೆ ತಿದ್ದಿದರಾಯ್ತು."

ಆಗಲೇ ನನಗೆ ಹೊಳೆಯಬೇಕಿತ್ತು. ನಾನೋ, ಮರುದಿನವೇ ಹೊಸ ಮಸಿಯ ಬಾಟಲಿ ತಂದು ಅವರ ಕೈಗಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಥ್ಯಾಂಕ್ಸ್ ಬೈಂಡರಮ್ಮ" ಎಂದು ಚೀಲಕ್ಕೆ ಹಾಕಿಕೊಂಡರು. ಮುಂದಿನ ವಾರವೂ ಪೆನ್ಸಿಲ್ಲೇ ಹೊರಬಂತು. ಮರೆತೆ ಅಂದರು. ಮೂರನೆಯ ವಾರ, ನಿಬ್ಬು ಸರಿಯಿಲ್ಲ ಅಂದರು. ವಯಸ್ಸಾದವರ ಮರೆವು ಎಂದು ನಾನು ಒಳಗೊಳಗೇ ಮುದ್ದು ಮಾಡಿದೆ.

ಆ ಏಳು ವಾರ ನಾನು ಸುಖವಾಗಿದ್ದೆ, ಭಯವೂ ಇತ್ತು. ಎಂಟು ಜನ ಮನೆ ಸೇರಿದವರು. ಅವರನ್ನು ಕುತ್ತಿಗೆ ಹಿಡಿದು ಮತ್ತೆ ಹಿಮಕ್ಕೆ ತಂದಿದ್ದೆ, ಒಬ್ಬ ಮನುಷ್ಯ ವಾರಕ್ಕೊಮ್ಮೆ ನನ್ನ ಎದುರು ಚಹಾ ಕುಡಿಯಲಿ ಎಂದು. ಸಿಸ್ಟರ್ ಬಡಗಿಯ ಬಗ್ಗೆ ಬರೀ ಕೇಳುವುದು ಬಿಟ್ಟು ಬೈಯಲು ಶುರುಮಾಡಿದಳು. "ಆ ಅಧಿಕಾರಿಗೆ ತಲೆ ಸರಿ ಇದೆಯಾ? ಕಾಲು ಕೊಳೆಯೋನನ್ನ ದಿನಾ ನಡೆಸ್ತಾನಲ್ಲ! ನಾನಿದ್ದಿದ್ರೆ ಕಪಾಳಕ್ಕೆ ಬಾರಿಸ್ತಿದ್ದೆ." ನಾನು ತಲೆ ತಗ್ಗಿಸಿ ಬಾರಿಸಿಕೊಂಡೆ. ಟೈಲರ್ ಆ ಯಾತ್ರಿಕರ ಕೋಟಿನ ಮಾದರಿಯಲ್ಲಿ ಒಂದು ದಪ್ಪ ಕೋಟು ಹೊಲಿದು ತಂದು, ಹಾಕಿಕೊಂಡೇ ಕೂರತೊಡಗಿದ, ಹಣೆಯಲ್ಲಿ ಬೆವರು ಸುರಿಸುತ್ತ. ಸರ್ವೇಯರ್ ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ಉಳಿಯತೊಡಗಿದ್ದರು. ಉಳಿದವರು ಎದ್ದು ಹೋದ ಮೇಲೂ ಸ್ಟೂಲ್ ಬಿಡುತ್ತಿರಲಿಲ್ಲ. ಒಂದು ದಿನ ನಾನು ರಟ್ಟು ಕತ್ತರಿಸುವಾಗ ಇನ್ನೊಂದು ತುದಿ ಹಿಡಿದುಕೊಂಡರು. ಸೊಟ್ಟ ಹಿಡಿದು ಒಳ್ಳೇ ರಟ್ಟು ಹಾಳಾಯಿತು. ಅವರ ಮುಂದೆ ಬಾಯಿಗೆ ಬಂದಂತೆ ಬೈದೆ. ಆ ರಟ್ಟಿನ ತುಂಡು ಇನ್ನೂ ನನ್ನ ಬೀರುವಿನಲ್ಲಿದೆ.

ಅಕ್ಟೋಬರಿನ ಎರಡನೇ ಸೋಮವಾರ ಅಂಗಡಿಯ ಫೋನು ಹೊಡೆದುಕೊಂಡಿತು.

"ಬೈಂಡರಮ್ಮ ಅವರಾ? ನಾನು ಸರ್ವೇಯರ್ ತಂಗಿ." ಸಣ್ಣ ದನಿ, ಉಸಿರಿಗೆ ಕಷ್ಟಪಡುವ ಹಾಗೆ. "ಅಣ್ಣನಿಗೆ ಹೇಳಬೇಡಿ ನಾನು ಫೋನ್ ಮಾಡಿದ್ದು. ಅವರಿಗೆ ಹಡಗು ಬಂತಾ ಅಂತ ಕೇಳೋಣ ಅಂತ."

"ಇಲ್ಲಮ್ಮ... ಇನ್ನೂ ಇಲ್ಲ."

"ಅಣ್ಣ ದಿನಾ ಸಂಜೆ ಫೋನಲ್ಲಿ ಕತೆ ಹೇಳ್ತಾನೆ. ನಾನೂ ನಿಮ್ಮ ಜೊತೆಗೇ ನಡೀತಿದೀನಿ, ಮಲಗಿದಲ್ಲೇ. ಪಕ್ಕದ ಮನೆಯವರು ಊಟ ಕೊಡ್ತಾರೆ. ತಪ್ಪು ಹೇಳಬಾರದು, ಒಳ್ಳೆಯವರು. ಆದರೆ ಬಚ್ಚಲಿಗೆ ಹೋಗಬೇಕು ಅಂದ್ರೆ ಅವರು ಬರೋ ತನಕ ಕಾಯ್ಬೇಕು. ನಿನ್ನೆ ಕಾಯಕ್ಕಾಗಲಿಲ್ಲ." ಅವಳು ಸ್ವಲ್ಪ ನಕ್ಕಳು. "ನೀವು ಓದೋರಂತಲ್ಲ, ನಿಮಗೆ ಗೊತ್ತಿರುತ್ತೆ. ಯಾವತ್ತು ಅಂತ ಹೇಳಬೇಡಿ, ಕಾನೂನಂತೆ. ಬರುತ್ತಾ ಅಂತ ಅಷ್ಟು ಹೇಳಿ ಸಾಕು."

"ಬರುತ್ತಮ್ಮ" ಅಂದೆ. "ಈ ಗುರುವಾರ ಬರುತ್ತೆ."

ಫೋನಿಟ್ಟು ನೆಲದ ಮೇಲಿನ ಕಾಗದದ ಚೂರುಗಳ ನಡುವೆ ಕೂತು ಅತ್ತೆ. ನನಗಾಗಿಯೇ ಅತ್ತದ್ದು, ಅವಳಿಗಾಗಿ ಎಂದರೆ ಅದೂ ಸುಳ್ಳಾಗುತ್ತದೆ. ಸರ್ವೇಯರ್ ಅವರನ್ನು ಕಳಿಸಲೇಬೇಕಲ್ಲ ಎಂದು ಅತ್ತೆ.

ಗುರುವಾರ ಎಲ್ಲರೂ ಕೂತ ಮೇಲೆ ನಾನು ಶುದ್ಧಪ್ರತಿ ತೆಗೆಯಲಿಲ್ಲ. ಅಡುಗೆಯವನ ಕೋಳಿಕಾಲಿನ ಅಕ್ಷರವಿದ್ದ ಕೊನೆಯ ಹಾಳೆಯನ್ನೇ ಕೈಯಲ್ಲಿ ಹಿಡಿದು ಓದಿದೆ. ಹಡಗು, ದೋಣಿ, ಓಡುವ ಬಡಗಿ, ಬೋರಲು ಹಾಕಿದ ಪಾತ್ರೆ. ತಾರೀಕನ್ನೂ ಓದಿದೆ. ಆಗಸ್ಟ್ ಇಪ್ಪತ್ತಮೂರು.

"ಅಕ್ಟೋಬರ್ ಅಲ್ವಾ ಇದು?" ಟೈಲರ್ ಕೋಟಿನ ತೋಳಿನಿಂದ ಹಣೆ ಒರೆಸಿಕೊಂಡ.

"ಹಡಗು ಏಳು ವಾರದ ಹಿಂದೆಯೇ ಬಂದಾಗಿತ್ತು. ಆಮೇಲಿನದೆಲ್ಲ ನಾನು ಬರೆದದ್ದು. ಅಡುಗೆಯವನದಲ್ಲ, ನನ್ನದು."

ಮೊದಲು ಬಾಯಿ ಬಿಟ್ಟವಳು ಸಿಸ್ಟರ್. "ಅಂದ್ರೆ ಬಡಗಿ ಬೆರಳು?"

"ಎಲ್ಲರಿಗಿಂತ ಮುಂದೆ ಓಡಿದನಂತೆ. ಅಷ್ಟು ಓಡೋನಿಗೆ ಬೆರಳಿಗೇನು?"

"ನಾಚಿಕೆಗೆಟ್ಟವಳೇ! ನಂಗೆ ಏಳು ವಾರದಿಂದ ನಿದ್ದೆ ಇಲ್ಲ!" ಎದ್ದು ಬಂದು ನನ್ನ ಬೆನ್ನಿಗೆ ಎರಡು ಗುದ್ದಿದಳು. ಗುದ್ದಿ, ಅಲ್ಲೇ ನನ್ನ ಭುಜಕ್ಕೆ ಹಣೆಯೊತ್ತಿ, "ಸದ್ಯ, ಓಡಿದನಲ್ಲ" ಅಂದಳು. ಯಾಕೆ ಹೀಗೆ ಮಾಡಿದೆ ಎಂದು ಅವಳು ಕೇಳಲಿಲ್ಲ. ಸರ್ವೇಯರ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಟೈಲರ್‌ನ ಕೋಟು ಹಿಡಿದೆಳೆದಳು. "ಏಳಪ್ಪಾ, ನಿನ್ನ ಅಂಗಡೀಲಿ ಕೆಲಸ ಇದೆ."

"ನಂಗೇನೂ ಕೆಲಸ ಇಲ್ವಲ್ಲ ಸಿಸ್ಟರಮ್ಮ."

"ಇದೆ ಏಳು."

ಇಬ್ಬರೇ ಉಳಿದೆವು. ಸರ್ವೇಯರ್ ಎದ್ದು ನಕ್ಷೆಯ ಹತ್ತಿರ ಹೋಗಿ ನಿಂತರು.

"ಬನ್ನಿ, ಇಲ್ಲಿ ನೋಡಿ" ಅಂದರು. "ನೀವು ಅವರನ್ನ ಗುಡಿಸಲಿಂದ ಹೊರಡಿಸಿದ್ರಿ. ಈಶಾನ್ಯ, ಆಮೇಲೆ ಉತ್ತರ, ಇಲ್ಲಿ ಪಶ್ಚಿಮ, ಹೀಗೆ ಕೆಳಗೆ. ಏಳು ವಾರ, ಮುನ್ನೂರು ಮೈಲಿ. ಕೊನೆಗೆ ಎಲ್ಲಿಗೆ ಬಂದಿದೀರಿ?"

ಪೆನ್ಸಿಲಿನ ಗೆರೆ ಸುತ್ತಿ ಬಳಸಿ ಗುಡಿಸಲಿನ ಗುರುತಿನ ಪಕ್ಕಕ್ಕೇ ಬಂದು ನಿಂತಿತ್ತು. ಪ್ರತಿ ವಾರ ಆ ಗೋಡೆಯ ಕೆಳಗೇ ಕೂತಿದ್ದರೂ ನಾನು ನೋಡಿದ್ದು ಎಳೆಯುವವರನ್ನು, ಎಳೆದದ್ದನ್ನಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ವಾರವೇ. ಚಳಿಗಾಲ ಹತ್ತಿರ ಬಂದ ಹಾಗೆ ಆ ಕಡೆ ಸೂರ್ಯ ದಿನಾ ತಗ್ಗಬೇಕು ಬೈಂಡರಮ್ಮ. ನಿಮ್ಮ ಸೂರ್ಯ ದಿನಾ ಏರ್ತಿದ್ದ. ಎಲ್ಲಿಂದ ಎತ್ತಿದ್ರಿ, ಮಾರ್ಚ್ ತಿಂಗಳಿಂದಲಾ?"

"ಮಾರ್ಚ್, ಏಪ್ರಿಲ್" ಎಂದೆ. ಕಳ್ಳಿ ಕದ್ದ ಮಾಲಿನ ಪಟ್ಟಿ ಕೊಡುವ ಹಾಗಿತ್ತು. "ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

ಅವರು ಪೆನ್ಸಿಲಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. "ಹೇಳಿದ್ರೆ ಮುಗಿದುಹೋಗ್ತಿತ್ತಲ್ಲ" ಅಂದರು. "ತಂಗಿಗೆ ದಿನಾ ಸಂಜೆ ಸುಳ್ಳು ಹೇಳಿದೆ. ಬರೆದವರು ನೀವು, ಹೇಳಿದವನು ನಾನು. ನನ್ನ ಪಾಪ ದೊಡ್ಡದು."

ಹೊರಗೆ ಟೈಲರ್‌ನ ಮಷಿನ್ ಶುರುವಾಗಿ ನಿಂತಿತು. ನಾನು ಮೇಜಿನ ಮೇಲಿನ ಅಂಟಿನ ಡಬ್ಬಿಯ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.

"ಇಷ್ಟೆಲ್ಲ ಬರೆಯೋ ಬದಲು," ಅವರು ನಕ್ಷೆ ನೋಡುತ್ತಲೇ ಹೇಳಿದರು, "ಹೋಗಬೇಡಿ ಅಂತ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಉಳೀತಿದ್ರಾ?"

"ಇಲ್ಲ. ತಂಗಿ ಇದಾಳೆ. ಆದರೆ ಕೇಳಿಸಿಕೊಂಡು ಹೋಗ್ತಿದ್ದೆ."

"ಹೋಗಬೇಡಿ" ಅಂದೆ. ದನಿ ಜಗಳದ್ದೇ ಬಂತು, ಬೇರೆ ದನಿ ನನ್ನಲ್ಲಿರಲಿಲ್ಲ. "ಹೋಗಬೇಡಿ. ನೀವು ಹೋದರೆ ನನ್ನ ಗುರುವಾರಗಳನ್ನ ನಾನು ಏನು ಮಾಡಲಿ? ಹೋಗಬೇಡಿ ಅಂದ್ನಲ್ಲ."

ಅವರು ತಲೆ ಆಡಿಸಿದರು. ಕೇಳಿಸಿತು ಎಂಬಂತೆ. ಆಮೇಲೆ ಚೀಲದಿಂದ ಮಸಿಯ ಬಾಟಲಿ ತೆಗೆದು ಪ್ರೆಸ್ಸಿನ ಮೇಲಿಟ್ಟರು. ಮುಚ್ಚಳದ ಮೇಲಿನ ಕಾಗದ ಕೂಡ ಹರಿದಿರಲಿಲ್ಲ. "ಇದು ನಿಮ್ಮ ಹತ್ತಿರ ಇರಲಿ. ನಕ್ಷೆ ಕಳಿಸೋ ಮುಂಚೆ ಪೆನ್ಸಿಲ್ ಗೆರೆ ಅಳಿಸಿಬಿಡಿ. ಸತ್ತವರ ಹೆಸರಲ್ಲಿ ನಾವು ನಡೆದದ್ದು ಇರಬಾರದು."

ಶನಿವಾರ ಬೆಳಗಿನ ಬಸ್ಸಿಗೆ ಹೊರಟರು. ಗಂಟುಮೂಟೆ ಎಂದರೆ ಎರಡು ಪೆಟ್ಟಿಗೆ ಮತ್ತು ಆ ಅಟ್ಲಾಸ್. ತಂಗಿಯನ್ನು ಎಬ್ಬಿಸಿ ಕೂರಿಸುವುದು ಹೇಗೆಂದು ಸಿಸ್ಟರ್ ಟೈಲರ್‌ನನ್ನೇ ರೋಗಿ ಮಾಡಿ ತೋರಿಸಿಕೊಟ್ಟಳು. ಟೈಲರ್ ತನ್ನ ಕೋಟನ್ನು ಬಿಚ್ಚಿ ಕೊಟ್ಟ, "ಕಡಲ ಗಾಳಿ ಸಾರ್" ಎಂದ. ನಾನು ಅವರ ಷರಟಿನ ಬಣ್ಣ ತಪ್ಪಿದ ಗುಂಡಿಯನ್ನೇ ನೋಡುತ್ತಿದ್ದೆ. ಬಸ್ಸು ತಿರುವು ದಾಟಿದ ಮೇಲೆ ಸಿಸ್ಟರ್ ನನ್ನ ಕೈ ಹಿಡಿದಳು. ಒದರಿ ಬಿಡಿಸಿಕೊಂಡೆ, ಮತ್ತೆ ನಾನೇ ಹಿಡಿದುಕೊಂಡೆ.

ನಕ್ಷೆ ಕೆಳಗಿಳಿಸಿ ಮೇಜಿನ ಮೇಲೆ ಹರಡಿದೆ. ಮೆತ್ತನೆಯ ರಬ್ಬರು ತೆಗೆದುಕೊಂಡು ಒಂದು ಮಧ್ಯಾಹ್ನ ಪೂರ್ತಿ ಏಳು ವಾರಗಳನ್ನು ಅಳಿಸಿದೆ. ಕಾಗದದ ಕೆಲಸ ಬಲ್ಲವಳು, ಒಂದು ಕಲೆ ಉಳಿಸಲಿಲ್ಲ. ಅಳಿಸಿದ ಕಡೆ ಬೆರಳಾಡಿಸಿದರೆ ಪೆನ್ಸಿಲ್ ಒತ್ತಿದ ತಗ್ಗು ಸಿಗುತ್ತಿತ್ತು. ಗಟ್ಟಿಯಾಗಿ ಒತ್ತಿ ಎಳೆದಿದ್ದರು. ನಾನು ಬರೆದ ಹಾಳೆಗಳನ್ನು ಬೇರೆ ತೆಗೆದು ಒಂದು ಲಕೋಟೆಯಲ್ಲಿ ಅವರ ವಿಳಾಸಕ್ಕೆ ಕಳಿಸಿದೆ. ಹರಿದು ಹಾಕಿ ಎಂದು ಚೀಟಿ ಇಟ್ಟೆ, ನನಗೆ ಹರಿಯುವುದು ಆಗಲಿಲ್ಲ, ಜೀವಮಾನವೆಲ್ಲ ಹೊಲಿದ ಕೈ. ಉಳಿದದ್ದನ್ನು, ಅಡುಗೆಯವನು ನಿಜವಾಗಿ ಬರೆದದ್ದನ್ನು, ಒಳ್ಳೆಯ ಬಟ್ಟೆ ಹಾಕಿ ಬೈಂಡ್ ಮಾಡಿ ವಸ್ತುಸಂಗ್ರಹಾಲಯಕ್ಕೆ ರವಾನಿಸಿದೆ.

ಗೋಡೆಯ ಮೇಲೆ ನಕ್ಷೆಯಿದ್ದ ಜಾಗ ಬೆಳ್ಳಗೆ ಉಳಿಯಿತು. ಗುರುವಾರ ನಾಲ್ಕಕ್ಕೆ ಮೂವರೂ ಸೇರಿದೆವು, ಆದರೆ ಯಾವ ಪುಸ್ತಕವೂ ರುಚಿಸಲಿಲ್ಲ. ಟೈಲರ್ ಮರುಭೂಮಿಗೆ ಹೋದವರೊಬ್ಬರ ಕತೆ ಶುರುಮಾಡೋಣ ಎಂದ. ಸಿಸ್ಟರ್, "ನೀರಡಿಕೆಯಿಂದ ಎಷ್ಟು ಜನ ಸಾಯ್ತಾರೆ ಮೊದಲು ಹೇಳು" ಎಂದಳು. ಫೋನು ಹೊಡೆದುಕೊಂಡಾಗಲೆಲ್ಲ ಎದ್ದು ಓಡಿದೆ. ಗಿರಾಕಿಗಳೇ. ಅವರಿಗೆ ಫೋನ್ ಮಾಡಲು ಎಷ್ಟು ಸಲ ಕೈ ಹೋಯಿತೋ ಅಷ್ಟು ಸಲ ವಾಪಸು ಬಂತು.

ಇಪ್ಪತ್ತೆರಡನೇ ದಿನ ಅಂಚೆಯಲ್ಲಿ ಒಂದು ಕಾರ್ಡು ಬಂತು. ಸರ್ವೇಯರ್ ಅವರ ಅಚ್ಚುಕಟ್ಟಾದ ಸಣ್ಣ ಅಕ್ಷರ.

"ಒಂದನೇ ದಿನ. ಹೊಗೆಯಲ್ಲ, ಮೋಡ. ನಿಮ್ಮ ಬರಹದಂತೆ ಈಶಾನ್ಯಕ್ಕೆ ನಾಲ್ಕು ಮೈಲಿ. ಇಲ್ಲಿ ಜಾಗ ಸಾಲದ್ದರಿಂದ ಮೈಲಿಗೆ ನೂರು ಹೆಜ್ಜೆ ಎಂದು ಇಟ್ಟುಕೊಂಡಿದ್ದೇನೆ. ಮನೆಯ ಬಾಗಿಲೇ ಗುಡಿಸಲು. ದಡದ ಮೇಲೆ ನಾಲ್ಕುನೂರು ಹೆಜ್ಜೆ ನಡೆದು ಕೋಲು ನೆಟ್ಟೆ, ನಾಳೆ ಅಲ್ಲಿಂದ ಮುಂದಕ್ಕೆ. ಮರಳು ಒದ್ದೆ. ತಂಗಿಯನ್ನು ಕಿಟಕಿಯ ಹತ್ತಿರ ಕೂರಿಸಿದ್ದೆ. ಅವಳ ಎಣಿಕೆಯಲ್ಲಿ ಮುನ್ನೂರ ತೊಂಬತ್ತಾರೇ ಆಯಿತಂತೆ, ಜಗಳವಾಯಿತು. ಕೋಟು ಬೆಚ್ಚಗಿದೆ. ಮಧ್ಯಾಹ್ನದ ಸೂರ್ಯ ನಿನ್ನೆಗಿಂತ ತಗ್ಗಿನಲ್ಲಿದ್ದ, ಇದು ವಿಶೇಷವಾಗಿ ನಿಮ್ಮ ಗಮನಕ್ಕೆ. ಇನ್ನು ನಲವತ್ತೆಂಟು ದಿನ ಉಳಿದಿದೆ. ದಿನಕ್ಕೊಂದು ಕಾರ್ಡು ಹಾಕುತ್ತೇನೆ. ಹಾಳೆಗಳನ್ನು ಹರಿದಿಲ್ಲ."

ಅದನ್ನು ನಿಂತಲ್ಲೇ ಮೂರು ಸಲ ಓದಿದೆ. ಮುಂದಿನ ಕೋಣೆಯಲ್ಲಿ ಒಬ್ಬ ಗಿರಾಕಿ ಕೆಮ್ಮುತ್ತಿದ್ದ. ನಾಳೆ ಬನ್ನಿ ಎಂದು ಕೂಗಿ ಹೇಳಿದೆ.

ಒಂದಾಳುದ್ದದ ಹೊಸ ಹಾಳೆಯನ್ನು ಗೋಡೆಯ ಬಿಳಿ ಜಾಗಕ್ಕೆ ಅಂಟಿಸಿ, ಬುಡದಲ್ಲಿ ಬಾಗಿಲಿನ ಗುರುತು ಹಾಕಿದೆ. ಕೋನ ಅಳೆದೆ, ಅವರು ಅಳೆಯುತ್ತಿದ್ದ ಹಾಗೆ. ಪೆನ್ಸಿಲ್ ಕೈಗೆ ಬಂದಿತ್ತು, ಅದನ್ನು ಕೆಳಗಿಟ್ಟೆ. ಮಸಿಯ ಬಾಟಲಿಯ ಮುಚ್ಚಳ ಬಿಗಿಯಾಗಿತ್ತು. ಬೈಂಡಿಂಗ್ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದೆ. ಈಶಾನ್ಯಕ್ಕೆ ನಾಲ್ಕು ಮೈಲಿಯ ಗೆರೆಯನ್ನು ಮಸಿಯಲ್ಲಿ ಎಳೆದೆ.